ಸೆಕ್ಟರಿನವಳ ಪಾಲು

ಕಾರವಾರದ ಉದ್ಯೋಗ ಕಚೇರಿಯ ಗುಮಾಸ್ತರು ನನ್ನ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಸ್ವಂತ ಊರು ಯಾವ್ದು ಅಂತ ಬರದೇ ಇಲ್ಲ ನೀವು" ಅಂದರು. ನಾನು ಬರೆದಿದ್ದೆ. ಸೆಕ್ಟರ್ ಆರು ಎಂದು ಬರೆದು, ಅದರ ಮುಂದೆ ಉಕ್ಕಿನ ಕಾರ್ಖಾನೆಯ ಆ ದೂರದ ಊರಿನ ಹೆಸರನ್ನೂ ಬರೆದಿದ್ದೆ. "ಇದು ಊರಲ್ಲ ತಂಗೀ, ಕಾರ್ಖಾನೆ ವಿಳಾಸ. ಅಪ್ಪ ಅಂಕೋಲೆಯವ್ರಲ್ವಾ? ಅಂಕೋಲೆ ಅಂತ ಬರೀರಿ" ಎಂದರು. ನಾನು ಬರೆಯಲಿಲ್ಲ. ಅಂಕೋಲೆ ನಮ್ಮನ್ನು ಇನ್ನೂ ತನ್ನವರೆಂದು ಒಪ್ಪಿರಲಿಲ್ಲ, ನಾನೇಕೆ ಮೊದಲು ಒಪ್ಪಬೇಕು? "ಹಾಗೇ ಇರ್ಲಿ ಸರ್" ಎಂದು ಹೇಳಿ ಬಸ್ ಸ್ಟ್ಯಾಂಡಿಗೆ ನಡೆದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಗಳಾಗಿದ್ದವು. ನನಗೆ ಆಗ ಮೂಗಿನ ತುದಿಯಲ್ಲೇ ಸಿಟ್ಟು. ಈಗಲೂ ಅದು ಬಹಳ ದೂರ ಹೋಗಿಲ್ಲ.

ಸೆಕ್ಟರ್ ಆರು ಊರೇ. ಬೇರೆ ಊರುಗಳು ತಮ್ಮಷ್ಟಕ್ಕೆ ಬೆಳೆದವು, ಅದನ್ನು ಕಾಗದದ ಮೇಲೆ ಗೆರೆ ಎಳೆದು ಕಟ್ಟಿದರು, ಅಷ್ಟೇ ವ್ಯತ್ಯಾಸ. ಮಧ್ಯದಲ್ಲಿ ಕಾರ್ಖಾನೆ, ಅದರ ಒಂದು ಬದಿಗೆ ಸಾಲು ಸಾಲು ಸೆಕ್ಟರುಗಳು. ಪ್ರತಿ ಸೆಕ್ಟರಿಗೂ ಒಂದೇ ನಮೂನೆಯ ಶಾಲೆ, ಒಂದೇ ನಮೂನೆಯ ಮಾರ್ಕೆಟ್ಟು, ಒಂದೇ ಬಣ್ಣದ ದವಾಖಾನೆ. ರಸ್ತೆಗಳಿಗೆ ಹೆಸರಿರಲಿಲ್ಲ, ನಂಬರಿತ್ತು. ಮನೆ ನೋಡಿದರೆ ಒಳಗಿರುವವನ ಹುದ್ದೆ ಹೇಳಬಹುದಿತ್ತು. ಎರಡು ಕೋಣೆಯ ಕ್ವಾರ್ಟರ್ಸ್ ಅಂದರೆ ಕುಲುಮೆಯ ಕೆಲಸದವ, ಹುಲ್ಲುಹಾಸು ಇದ್ದರೆ ಸಾಹೇಬ. ಜಾತಿ ಕೇಳದ ಊರು ಎಂದು ಭಾಷಣ ಮಾಡುತ್ತಿದ್ದರು. ಕೇಳುವ ಅಗತ್ಯ ಇರಲಿಲ್ಲ, ಗೇಟಿನ ನಂಬರೇ ಎಲ್ಲ ಹೇಳುತ್ತಿತ್ತು. ಆದರೂ ನನಗೆ ಅದೇ ನನ್ನ ಊರು. ಪಕ್ಕದ ಮನೆಯ ತೆಲುಗು ಅತ್ತೆಯ ಉಪ್ಪಿನಕಾಯಿ, ಎದುರಿನ ಬಂಗಾಲಿಗಳ ಮನೆಯ ಹಾರ್ಮೋನಿಯಂ, ರಾತ್ರಿ ಕುಲುಮೆಯ ಕಾದ ಕಿಟ್ಟ ಸುರಿಯುವಾಗ ಅರ್ಧ ಆಕಾಶ ಕೆಂಪಾಗುವುದು, ಇವೆಲ್ಲ ಬಿಟ್ಟಿ ಸಿಕ್ಕಿದ್ದಲ್ಲ. ನಮ್ಮ ಅಪ್ಪಂದಿರು ಮೈ ಸುಟ್ಟುಕೊಂಡು ಗಳಿಸಿದ್ದು.

ಅಪ್ಪ ಅಂಕೋಲೆ ಕಡಲ ತೀರದ ಮೀನುಗಾರರ ಮನೆಯವರು. ಬಲೆ ಎಳೆಯುವ ಮನೆ. ಮೀಸೆ ಚಿಗುರುವ ವಯಸ್ಸಿಗೆ ಯಾರದೋ ಬೆನ್ನು ಹಿಡಿದು ರೈಲು ಹತ್ತಿ, ಆ ಊರಿನ ಊದುಕುಲುಮೆಯಲ್ಲಿ ಕೆಲಸಕ್ಕೆ ಸೇರಿದ್ದರು. ಕುಲುಮೆಗೆ ಒಂದು ನಿಯಮವಿತ್ತು. ಪಾಳಿ ಮುಗಿದ ಸೈರನ್ ಕೂಗಿದ ಮಾತ್ರಕ್ಕೆ ಹೊರಡುವಂತಿಲ್ಲ. ಮುಂದಿನ ಪಾಳಿಯವನು ಬಂದು ಎದುರು ನಿಂತು, "ನಾನು ಬಂದೆ, ನೀನು ಹೋಗು" ಅನ್ನಬೇಕು. ಅವನಿಗೆ ರಿಲೀವರ್ ಎನ್ನುತ್ತಿದ್ದರು. ಅವನು ಬಾರದಿದ್ದರೆ ನಿನ್ನದೇ ಇನ್ನೊಂದು ಪಾಳಿ. ಒಮ್ಮೆ ಹೋಳಿಯ ದಿನ ಅಪ್ಪನ ರಿಲೀವರ್ ಭಂಗಿ ಕುಡಿದು ಎಲ್ಲೋ ಮಲಗಿಬಿಟ್ಟ. ಅಂದು ನಮ್ಮ ಶಾಲೆಯ ನಾಟಕದಲ್ಲಿ ನಾನು ರಾಣಿ. ಅಪ್ಪ ಬರಲಿಲ್ಲ. ಮರುದಿನ ಕಣ್ಣು ಕೆಂಪು ಮಾಡಿಕೊಂಡು ಮನೆಗೆ ಬಂದಾಗ ಆಯಿ, ನನ್ನ ಅಮ್ಮ, ಕಾಯುತ್ತಲೇ ಇದ್ದಳು.

"ನೀವು ಒಂದಿನ ಬಿಟ್ಟು ಬಂದ್ರೆ ಆ ಕುಲುಮೆ ಎಂತ, ಓಡಿ ಹೋಗ್ತದಾ?"

"ಓಡಿ ಹೋಗೂದಿಲ್ಲ, ಸಾಯ್ತದೆ" ಅಂದರು ಅಪ್ಪ. "ಒಳಗೆ ಕಬ್ಬಿಣ ಹೆಪ್ಪುಗಟ್ಟಿ ಬಿಡ್ತದೆ. ಆಮೇಲೆ ಯಾರ ಅಪ್ಪ ಬಂದ್ರೂ ಅದ್ನ ಎಬ್ಸೂಕೆ ಆಗೂದಿಲ್ಲ."

ಆಯಿ ಚಹದ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು. ನಾನು ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟೆ.

ಅಂಥ ಅಪ್ಪನನ್ನು ಆ ಊರು ಕಳಿಸಿತು. ಕಾರ್ಖಾನೆಯಲ್ಲಿ ಜನ ಹೆಚ್ಚಾದರು, ತಾವಾಗಿ ಬಿಡುವವರಿಗೆ ಇಷ್ಟಿಷ್ಟು ಕೊಡುತ್ತೇವೆ ಎಂದರು. ಅದಕ್ಕೆ ಸ್ವಯಂ ನಿವೃತ್ತಿ ಎಂದು ಹೆಸರು. ಅದರಲ್ಲಿ ಸ್ವಯಂ ಎಷ್ಟಿತ್ತು ಎನ್ನುವುದು ನಮ್ಮ ಬೀದಿಗೆಲ್ಲ ಗೊತ್ತಿತ್ತು. ಕೆಲಸ ಬಿಟ್ಟ ಮೇಲೆ ಕ್ವಾರ್ಟರ್ಸ್ ಬಿಡಬೇಕು. ನನಗೆ ಇಂದಿಗೂ ಹೊಟ್ಟೆ ಉರಿಯುವುದು ಇದೇ ವಿಷಯಕ್ಕೆ. ಆ ಊರನ್ನು ಕಾಗದದ ಮೇಲೆ ಬರೆದವರು ಶಾಲೆ ಬರೆದರು, ಉದ್ಯಾನ ಬರೆದರು, ಸ್ಮಶಾನಕ್ಕೂ ಒಂದು ಮೂಲೆ ಗುರುತು ಮಾಡಿದರು. ಕುಲುಮೆಯ ಮುಂದೆ ಮುದುಕನಾದ ಮನುಷ್ಯ ಬದುಕಿರುವಷ್ಟು ದಿನ ಎಲ್ಲಿರಬೇಕು ಎಂಬುದನ್ನು ಮಾತ್ರ ಬರೆಯಲಿಲ್ಲ. ಆಯಿ ಹಿತ್ತಲಲ್ಲಿ ನೆಟ್ಟಿದ್ದ ಕರಿಬೇವಿನ ಗಿಡವನ್ನು ಕೂಡ ಕಿತ್ತು ತರಲಾಗಲಿಲ್ಲ, ಅದು ಅಷ್ಟು ದೊಡ್ಡದಾಗಿತ್ತು.

ಅಂಕೋಲೆಯಲ್ಲಿ ದೊಡ್ಡಪ್ಪನ ಮನೆಯ ಪಕ್ಕ ಅಪ್ಪನ ಪಾಲಿಗೆ ಬಂದ ಒಂದು ತುಂಡು ಮರಳು ಜಾಗ ಇತ್ತು. ಅಪ್ಪ ಅಲ್ಲಿ ಮನೆ ಕಟ್ಟಿಸಿದರು. ಎರಡು ಕೋಣೆ, ಹಿಂದೆ ಸಣ್ಣ ಅಂಗಳ, ಬಲಗಡೆಗೆ ನಲ್ಲಿ. ಗೋಡೆ ಎದ್ದ ಮೇಲೆ ನಾನೂ ಆಯಿಯೂ ಮುಖ ಮುಖ ನೋಡಿಕೊಂಡೆವು. ಅದು ನಮ್ಮ ಸೆಕ್ಟರಿನ ಕ್ವಾರ್ಟರ್ಸೇ, ತಂದು ಇಲ್ಲಿ ಇಟ್ಟ ಹಾಗಿತ್ತು. ಗೇಟಿಗೆ ಹಳೆಯ ನಂಬರನ್ನೇ ಬಿಳಿ ಬಣ್ಣದಲ್ಲಿ ಬರೆಸಿದರು. ಬೀದಿಯೇ ಇಲ್ಲದ ತೀರದಲ್ಲಿ, ಏಡಿಗಳು ಓಡಾಡುವ ಕಡೆ, ಅಷ್ಟು ದೊಡ್ಡ ನಂಬರು! ಅಂಚೆಯವನು ನಗುತ್ತಿದ್ದ. ಊರಿನವರು ನಮ್ಮ ಮನೆಗೆ ಸೆಕ್ಟರ್ ಎಂದೇ ಹೆಸರಿಟ್ಟರು, ನಾನು ಸೆಕ್ಟರಿನ ಹುಡುಗಿಯಾದೆ.

ಆ ತೀರದಲ್ಲಿ ದೊಡ್ಡ ರಂಪಣಿ ಬಲೆಗಳ ಕಾಲ ಮುಗಿದಿತ್ತು. ಆದರೆ ಕೆಲವು ಮನೆಗಳು ಸೇರಿ ಒಂದು ಸಣ್ಣ ಬಲೆ ಇಟ್ಟುಕೊಂಡಿದ್ದವು. ದೋಣಿಯಲ್ಲಿ ಬಲೆ ಒಯ್ದು ನೀರಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಡುತ್ತಾರೆ, ಎರಡು ತುದಿಯ ಹಗ್ಗಗಳನ್ನು ದಂಡೆಯಲ್ಲಿ ನಿಂತವರು ಎಳೆಯುತ್ತಾರೆ. ಮೀನು ಮೇಲೆ ಬಂದ ಮೇಲೆ ಮನೆಗೊಂದು ರಾಶಿಯಂತೆ ಮರಳಿನ ಮೇಲೆ ಹಾಕುತ್ತಾರೆ, ಅದಕ್ಕೆ ಗುಂಪಿ ಎನ್ನುತ್ತಾರೆ. ಯಾವ ಗುಂಪಿ ಯಾರದು ಎಂದು ಹೇಳಲು ನಮ್ಮ ಅಜ್ಜಿಯ ತಂಗಿ, ನಾವು ಸಣ್ಣಜ್ಜಿ ಎನ್ನುತ್ತಿದ್ದವಳು, ಗುಂಪಿಗಳಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಒಬ್ಬ ಒಂದು ಗುಂಪಿಗೆ ಕೈ ತೋರಿಸಿ "ಇದು?" ಎನ್ನುವುದು, ಅವಳು ನೋಡದೆ ಒಂದು ಮನೆಯ ಹೆಸರು ಹೇಳುವುದು. ದೊಡ್ಡ ಬಂಗಡೆ ಬಂತು, ಸಣ್ಣದು ಬಂತು ಎಂದು ಆಮೇಲೆ ಯಾರೂ ತಕರಾರು ಮಾಡುವಂತಿಲ್ಲ. ಸಣ್ಣಜ್ಜಿಯ ಬಾಯಲ್ಲಿ ಹೆಸರು ಬಂದ ಮನೆ ಊರಿನ ಮನೆ. ನಮ್ಮ ಮನೆಯ ಹೆಸರು ಬರುತ್ತಿರಲಿಲ್ಲ.

ಅಪ್ಪನಿಗೆ ಬೇಕಾಗಿದ್ದದ್ದು ಆ ಒಂದು ಗುಂಪಿ. ಮೀನಿಗೆ ನಮಗೇನು ಬರಗಾಲವಿರಲಿಲ್ಲ, ಪೇಟೆಗೆ ಹೋದರೆ ಸಿಗುತ್ತಿತ್ತು. ಆದರೆ ಉಕ್ಕಿನ ಊರಿನಲ್ಲಿ ಅವರು ಕೊನೆಯ ದಿನದವರೆಗೂ ಕಾರವಾರ ಕಡೆಯವನು. ಇಲ್ಲಿ ಉಕ್ಕಿನೂರಿನವನು. ಎರಡೂ ಕಡೆ ಅರ್ಧ ಅರ್ಧ ಮನುಷ್ಯ. ಬಂದ ಮೊದಲ ವಾರವೇ ಅವರು ಬೇಲೆಗೆ, ಅಂದರೆ ಸಮುದ್ರದ ದಂಡೆಗೆ, ಹೋಗಿ ಹಗ್ಗಕ್ಕೆ ಕೈ ಹಚ್ಚಿದರು. ದೊಡ್ಡಪ್ಪನೇ ಆ ಬಲೆಯ ತಾಂಡೇಲ, ಮುಖ್ಯಸ್ಥ. ಎಳೆದಾದ ಮೇಲೆ ಒಂದು ಬೊಗಸೆ ತಾರ್ಲೆ ಮೀನನ್ನು ಅಪ್ಪನ ಟವೆಲಿಗೆ ಹಾಕಿ, "ಸಾರಿಗೆ ಆಯ್ತು ತಗ" ಅಂದರಂತೆ. ಹಗ್ಗಕ್ಕೆ ಕೈ ಹಚ್ಚಿದ ದಾರಿಹೋಕನಿಗೂ ಅಷ್ಟು ಸಿಗುತ್ತದೆ.

"ಅಣ್ಣಾ, ನನ್ನ ಮನೆ ಪಾಲು?" ಎಂದು ಅಪ್ಪ ಕೇಳಿದ್ದಾರೆ.

"ಬಲೆ ಹರಿದಾಗ ನೀ ಇದ್ದಿದ್ಯಾ? ದೋಣಿ ಮಗಚಿದಾಗ ಇದ್ದಿದ್ಯಾ? ಊರು ಬಿಟ್ಟವ್ನಿಗೆ ಪಾಲು ಎಲ್ಲಿಂದ್ರಾ? ಎಳಿ, ಬೇಡ ಹೇಳೂದಿಲ್ಲ. ಸಾರಿಗೆ ಮೀನು ತಕಂಡು ಹೋಗು."

ಅಪ್ಪ ಬಂದು ಇದನ್ನು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಆ ಟವೆಲಿನ ಮೀನನ್ನು ನಾನು ಮುಟ್ಟಲೂ ಇಲ್ಲ.

ಅಪ್ಪ ಬಿಡಲಿಲ್ಲ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಡಬ್ಬಿ ಹಿಡಿದು ಬೇಲೆಗೆ ಹೊರಡುತ್ತಿದ್ದರು, ಮೊದಲ ಪಾಳಿಗೆ ಹೋದ ಹಾಗೆ. ಮೀನು ಸೈರನ್ ಕೇಳಿ ಬರುತ್ತದೆಯೇ? ಬಲೆ ಬಿಡುವುದು ಸಮುದ್ರದ ಬಣ್ಣ ನೋಡಿ, ಹಕ್ಕಿ ನೋಡಿ. ಕೆಲವು ದಿನ ಮಧ್ಯಾಹ್ನದವರೆಗೂ ಒಬ್ಬರೇ ಮರಳಿನ ಮೇಲೆ ಕೂತಿರುತ್ತಿದ್ದರು. "ಸೈರನ್ ಆಯ್ತನಾ ಸಾಹೇಬ್ರೇ?" ಎಂದು ಹುಡುಗರು ಕೀಟಲೆ ಮಾಡುತ್ತಿದ್ದರು. ಆಗೆಲ್ಲ ಘಟ್ಟದ ಮೇಲಿನಿಂದ ರಾಮನಗುಳಿ ದಾಟಿ ಅದಿರಿನ ಲಾರಿಗಳು ಸಾಲುಗಟ್ಟಿ ಬಂದರಿಗೆ ಇಳಿಯುತ್ತಿದ್ದವು. ರಸ್ತೆ ಬದಿಯ ಮನೆಗಳ ಹಂಚು, ಗಿಡದ ಎಲೆ, ಶಾಲೆ ಮಕ್ಕಳ ಅಂಗಿ ಎಲ್ಲ ಕೆಂಪು. ಅಪ್ಪ ಒಮ್ಮೆ ಲಾರಿಯಿಂದ ಬಿದ್ದ ಅದಿರಿನ ಹೆಂಟೆಯೊಂದನ್ನು ಎತ್ತಿ ತಂದು ಕಿಟಕಿಯಲ್ಲಿಟ್ಟರು. "ಇದು ಕುಲುಮೆಗೆ ಹೋಗ್ಬೇಕಾಗಿದ್ದು. ಹಡಗು ಹತ್ತಿ ಎಲ್ಲಿಗೋ ಹೊಂಟದೆ" ಎಂದರು. ಆಯಿ ಅದನ್ನು ಬಾಗಿಲಿಗೆ ಅಡ್ಡ ಇಡಲು ಬಳಸಿದಳು.

ಆಮೇಲೆ ಆ ದಿನ ಬಂತು. ಮಳೆಗಾಲ ಕಳೆದು ಬಂಗಡೆ ಬರುವ ಕಾಲ. ನಾನು ಕಾರವಾರದಿಂದ ಬಸ್ಸಿಳಿದು ಮನೆಗೆ ಬರುತ್ತಿದ್ದವಳು ಬೇಲೆಯ ಮೇಲೆ ಗದ್ದಲ ಕೇಳಿ ಅತ್ತ ತಿರುಗಿದೆ. ಬಲೆ ತುಂಬಾ ಭಾರವಾಗಿತ್ತು, ಎರಡೂ ಹಗ್ಗಗಳಲ್ಲಿ ಜನ. ಬಲೆ ಎಳೆಯುವಾಗ ದೊಡ್ಡ ತೆರೆ ಎದ್ದರೆ ತಾಂಡೇಲ "ಸಡ್ಲ ಬಿಡಿ" ಎಂದು ಕೂಗುತ್ತಾನೆ. ಆಗ ಎಲ್ಲರೂ ಹಗ್ಗವನ್ನು ಸಡಿಲ ಬಿಡಬೇಕು, ತೆರೆ ದಾಟಿದ ಮೇಲೆ ಮತ್ತೆ ಹಿಡಿಯಬೇಕು. ಇಲ್ಲವಾದರೆ ಬಲೆ ಹರಿಯುತ್ತದೆ. ಅದು ಅಲ್ಲಿ ನಡೆಯಲು ಕಲಿತ ಕೂಸಿಗೂ ಗೊತ್ತು. ಅಪ್ಪನಿಗೂ ಒಂದು ಕಾಲದಲ್ಲಿ ಗೊತ್ತಿತ್ತು. ದೊಡ್ಡಪ್ಪ ಕೂಗಿದರು, ಎಲ್ಲರ ಕೈಯೂ ಸಡಿಲವಾಯಿತು. ಅಪ್ಪನ ಕೈ ಮಾತ್ರ ಇನ್ನಷ್ಟು ಬಿಗಿಯಾಯಿತು. ಬಾಳಿಡೀ ಅವರ ಕೈ ಕಲಿತದ್ದು ಅದನ್ನೇ, ಎದುರು ಬಂದು ನಿಲ್ಲುವವನಿಲ್ಲದೆ ಬಿಡಬಾರದು ಎಂದು. ತೆರೆ ಬಲೆಯನ್ನು ಹಿಂದಕ್ಕೆ ಜಗ್ಗಿತು, ಹಗ್ಗ ಅವರ ಅಂಗೈ ಮೇಲಿಂದ ಹರಿದು ಓಡಿತು. ಅವರು ಮಂಡಿಯೂರಿ ಬಿದ್ದರು, ನೀರು ತಲೆಯ ಮೇಲಿಂದ ಹೋಯಿತು. ಆದರೂ ಬಿಟ್ಟಿರಲಿಲ್ಲ.

ಅಪ್ಪನನ್ನು ಎಳೆದು ದಂಡೆಗೆ ತಂದಾಗ ಎರಡೂ ಅಂಗೈಯ ಚರ್ಮ ಸುಲಿದಿತ್ತು. ಬಲೆಯ ಒಂದು ಕಡೆ ಹರಿದು ಮೀನು ಹೋಗಿತ್ತು. ದೊಡ್ಡಪ್ಪ ಬಲೆಯ ಹರಿದ ತುದಿಯನ್ನು ಎತ್ತಿ ಹಿಡಿದು ಕೂಗಿದರು.

"ಬಿಡು ಹೇಳ್ದ್ರೆ ಬಿಡೂಕೆ ಆಗೂದಿಲ್ವನಾ ನಿಂಗೆ?"

"ಕೈ ಬಿಡ್ಲಿಲ್ಲ ಅಣ್ಣಾ. ಯಾರೂ ಬರ್ಲಿಲ್ಲ" ಎಂದರು ಅಪ್ಪ. ಯಾರಿಗೂ ಅರ್ಥವಾಗಲಿಲ್ಲ. ನನಗೆ ಆಯಿತು, ಕಣ್ಣಲ್ಲಿ ನೀರು ಬಂತು.

"ನಾಳಿಂದ ಹಗ್ಗ ಮುಟ್ಬೇಡ. ಸಾಕು" ಎಂದು ದೊಡ್ಡಪ್ಪ ಬೆನ್ನು ತಿರುಗಿಸಿದರು. ಹರಿದ ಬಲೆ ನೋಡಿದ ಅವರ ಸಂಕಟವನ್ನು ನಾನು ಈಗ ಅಲ್ಲಗಳೆಯುವುದಿಲ್ಲ. ಆದರೆ ಆ ಮಾತು ಹೇಳಿದ ರೀತಿ ಇತ್ತಲ್ಲ, ನಾಯಿ ಓಡಿಸಿದ ಹಾಗೆ, ಅದನ್ನು ನಾನು ಕ್ಷಮಿಸಿಲ್ಲ.

ಅಪ್ಪ ಮನೆಯಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ಕೂತರು. ಬೆಳಿಗ್ಗೆ ಆರಾದರೆ ಎದ್ದು ಗೇಟಿನವರೆಗೆ ಹೋಗುವುದು, ನಂಬರನ್ನು ನೋಡಿ ಹಿಂತಿರುಗುವುದು. ಆಯಿ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ಒಂದು ಬೆಳಿಗ್ಗೆ ಅವರು ಗೇಟಿನಿಂದ ತಿರುಗಿ ಬರುವಾಗ ನಾನು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಹೊರಗೆ ಹೊರಟೆ.

"ಎಲ್ಲಿಗೇ?" ಎಂದಳು ಆಯಿ.

"ಪಾಳಿಗೆ" ಎಂದೆ.

ಹೆಂಗಸರು ಬೇಲೆಗೆ ಬರುವುದಿಲ್ಲ ಎಂದಲ್ಲ. ಬುಟ್ಟಿ ಹೊರಲು ಬರುತ್ತಾರೆ, ಮೀನು ಮಾರಲು ಒಯ್ಯುತ್ತಾರೆ, ಅವರ ಬಾಯಿಗೆ ಹೆದರದ ಗಂಡಸು ಆ ತೀರದಲ್ಲಿ ಇರಲಿಲ್ಲ. ಆದರೆ ಆ ಬಲೆಯ ಹಗ್ಗಕ್ಕೆ ಕೈ ಹಚ್ಚುತ್ತಿರಲಿಲ್ಲ. ನಾನು ಹೋಗಿ ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ, ಹಗ್ಗದ ತುದಿಯಲ್ಲಿ ನಿಂತೆ.

"ಏ ಹುಡ್ಗೀ, ಎಂತದೇ ಇದು?" ಎಂದರು ದೊಡ್ಡಪ್ಪ.

"ಅಪ್ಪನ ರಿಲೀವರ್ ನಾನು. ಅವರನ್ನ ಬೇಡ ಅಂದ್ರಿ, ನನ್ನನ್ನ ಅಂದಿಲ್ಲ."

"ನಿಂಗೆ ಬತ್ತದನೇ ಎಳೂಕೆ?"

"ನೀವು ಹೇಳಿಕೊಡಿ ದೊಡ್ಡಪ್ಪಾ. ಬಿಡು ಅಂದ್ರೆ ಬಿಡ್ತೇನೆ. ಅದೊಂದು ನನಗೆ ಅಪ್ಪನಿಗಿಂತ ಚೆನ್ನಾಗಿ ಬರ್ತದೆ."

ಯಾರೋ ನಕ್ಕರು. ದೊಡ್ಡಪ್ಪ ನಗಲಿಲ್ಲ, ಹೊರಗೆ ಹಾಕಲೂ ಇಲ್ಲ. ದೋಣಿ ಆಗಲೇ ನೀರಿಗಿಳಿದಿತ್ತು, ಜಗಳಕ್ಕೆ ಪುರುಸೊತ್ತು ಇರಲಿಲ್ಲ.

ಎಳೆಯುವುದು ತೋಳಿನ ಕೆಲಸ ಅಂದುಕೊಂಡಿದ್ದೆ, ಅದು ಬೆನ್ನಿನದು, ಹಿಮ್ಮಡಿಯದು. ಎರಡು ಸಲ ಬಿದ್ದೆ. ಒಮ್ಮೆ ತೆರೆ ಬಾರದೆಯೇ ಸಡಿಲ ಬಿಟ್ಟು ಬೈಸಿಕೊಂಡೆ. ಬಾಯಲ್ಲಿ ಮರಳು, ಕಣ್ಣಲ್ಲಿ ಉಪ್ಪು. ಬುಟ್ಟಿ ಹಿಡಿದು ಕೂತಿದ್ದ ಹೆಂಗಸರು ಮೊದಲು ಕಿಸಕ್ಕೆಂದರು, ಆಮೇಲೆ ಒಬ್ಬಳು ಎದ್ದು ಬಂದು, "ಕಾಲು ಅಗ್ಲ ಮಾಡೇ, ಹಂಗೆ ನಿಂತ್ರೆ ಗಾಳಿಗೂ ಬೀಳ್ತೆ" ಎಂದು ನನ್ನ ಪಾದಕ್ಕೆ ತನ್ನ ಪಾದದಿಂದ ಒಂದು ಗುದ್ದು ಕೊಟ್ಟು ಹೋದಳು. ಅದರ ನಂತರ ಬೀಳಲಿಲ್ಲ.

ಬಲೆ ಮೇಲೆ ಬಂತು. ಬಂಗಡೆ, ನಡುವೆ ನಾಲ್ಕಾರು ನೊಗ್ಲಿ ಮೀನು. ಗುಂಪಿ ಹಾಕಿದರು. ಸಣ್ಣಜ್ಜಿ ಬೆನ್ನು ಹಾಕಿ ಕೂತು ಒಂದೊಂದಾಗಿ ಮನೆಗಳ ಹೆಸರು ಹೇಳಿ ಮುಗಿಸಿದಳು. ಬಲೆಯ ಮನೆಗಳು ಎಷ್ಟೋ ಗುಂಪಿಗಳೂ ಅಷ್ಟೇ. ನಮ್ಮದಿಲ್ಲ. ದೊಡ್ಡಪ್ಪ ಒಂದು ಬೊಗಸೆ ಮೀನು ಎತ್ತಿ ನನ್ನ ಕಡೆ ಬಂದರು.

"ಹಿಡಿ ತಂಗೀ. ಸಾರಿಗೆ."

ನಾನು ಕೈ ಚಾಚಲಿಲ್ಲ. ಕೈಯಲ್ಲಿ ಹಗ್ಗವಿತ್ತು. "ಬೇಡ. ಗುಂಪಿ ಹಾಕಿ."

"ಹಗ್ಗ ಬಿಡು, ಸುತ್ತಿ ಇಡ್ಬೇಕು. ಭರತಿ ಏರ್ತಾ ಉಂಟು."

"ಬಿಡೂದಿಲ್ಲ" ಎಂದೆ. ನನ್ನ ಬಾಯಲ್ಲಿ ಅಂಕೋಲೆ ಮಾತು ಬಂದದ್ದು ಅದೇ ಮೊದಲು ಇರಬೇಕು. ಹಗ್ಗದ ತುದಿಯನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿಕೊಂಡು ಮರಳಿನ ಮೇಲೆ ಕೂತುಬಿಟ್ಟೆ. ಹಗ್ಗ ಸುತ್ತಿ ಬಲೆಯ ಚಪ್ಪರಕ್ಕೆ ಸೇರಿಸದೆ ಯಾರೂ ಮನೆಗೆ ಹೋಗುವಂತಿಲ್ಲ. ಉಬ್ಬರದ ನೀರು ಕಾಲ್ಬೆರಳಿಗೆ ಬಂತು, ಹಿಂದೆ ಹೋಯಿತು, ಪಾದಕ್ಕೆ ಬಂತು. ಹೆದರಿಕೆ ಆಗುತ್ತಿತ್ತು. ಆದರೆ ಎದ್ದರೆ ಅಪ್ಪ ಇನ್ನು ಸಾಯುವವರೆಗೂ ಗೇಟಿನ ನಂಬರು ನೋಡುತ್ತ ಇರುತ್ತಾರೆ ಎಂಬುದು ನನಗೆ ಖಾತ್ರಿ ಇತ್ತು. ಎರಡು ಊರಿಗೆ ಮೈ ಕೊಟ್ಟ ಮನುಷ್ಯ ಒಂದು ಗುಂಪಿ ಮೀನಿಗೂ ಲಾಯಕ್ಕಿಲ್ಲವೇ?

"ಗದ್ಲ ಎಂತದ್ರಾ?" ಎಂದಳು ಸಣ್ಣಜ್ಜಿ, ತಿರುಗದೆ.

"ಸೆಕ್ಟರಿನ ಹುಡ್ಗಿ. ಹಗ್ಗ ಬಿಡೂದಿಲ್ಲ ಹೇಳ್ತೀದು" ಎಂದ ಹಗ್ಗ ಎಳೆದವನೊಬ್ಬ.

"ಎಳ್ದೀದಾ?"

"ಎಳ್ದೀದು."

"ಮಧ್ಯ ಬಿಟ್ಟು ಹೋಯ್ತಾ?"

"ಇಲ್ಲ."

ಸಣ್ಣಜ್ಜಿ ಎಲೆಯಡಿಕೆ ಉಗಿದಳು. "ಹಂಗಾರೆ ನಾ ಹೆಸ್ರು ಹೇಳ್ತೆ. ಬರೀ ಮರಳಿಗೆ ಹೆಸ್ರು ಹೇಳೂಕೆ ಆತದನಾ? ಗುಂಪಿ ಹಾಕಿ."

ಆಮೇಲೆ ದೊಡ್ಡಪ್ಪ ತನ್ನ ಮನೆಗೆ ಬಂದಿದ್ದ ಗುಂಪಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮೈಮೇಲೆ ಬಂದವರ ಹಾಗೆ ಎರಡೂ ಕೈಯಿಂದ ಅದನ್ನು ಸರಕ್ಕನೆ ಎರಡು ಭಾಗ ಮಾಡಿದರು. ಒಂದು ಭಾಗವನ್ನು ಪಕ್ಕಕ್ಕೆ ತಳ್ಳಿ, ಅದರ ಮೇಲೆ ಕೈ ಇಟ್ಟು, "ಇದು?" ಎಂದರು.

ಸಣ್ಣಜ್ಜಿ ಅಪ್ಪನ ಹೆಸರು ಹೇಳಿದಳು. ಆ ಊರಿನವರು ಕರೆಯುತ್ತಿದ್ದ, ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರದಿದ್ದ, ಸಣ್ಣಂದಿನ ಹೆಸರು.

ನಾನು ಎದ್ದೆ. ಒಬ್ಬ ಹಗ್ಗಕ್ಕೆ ಕೈ ಚಾಚಿದ, ಕೊಡಲಿಲ್ಲ. ನಾನೇ ಸುತ್ತಿದೆ, ಅಡ್ಡಾದಿಡ್ಡಿ ಸುತ್ತಿದೆ, ನಾನೇ ಹೊತ್ತು ಚಪ್ಪರದ ಗೂಟಕ್ಕೆ ಹಾಕಿದೆ. ಮೀನನ್ನು ವೇಲಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಆ ವೇಲಿನ ವಾಸನೆ ಕೊನೆಗೂ ಹೋಗಲಿಲ್ಲ.

ಅಪ್ಪ ಜಗುಲಿಯಲ್ಲಿದ್ದರು. ಗುಂಪಿಯನ್ನು ಅವರ ಮುಂದೆ ಸುರಿದೆ. ಅಷ್ಟು ಮೀನು ಟವೆಲಿನದಲ್ಲ, ಪಾಲಿನದು ಎಂದು ಹೇಳಬೇಕಾಗಿರಲಿಲ್ಲ. ಅವರು ಬಟ್ಟೆ ಸುತ್ತಿದ ಕೈಯಿಂದ ಒಂದು ಬಂಗಡೆಯನ್ನು ತಳ್ಳಿ ನೋಡಿದರು. ಆಯಿ ಒಳಗಿಂದ ಬಂದು ಬಾಗಿಲು ಹಿಡಿದು ನಿಂತಳು. ಶಹಬ್ಬಾಸ್ ಅನ್ನುತ್ತಾರೆ ಎಂದುಕೊಂಡೆ, ಅಳುತ್ತಾರೆ ಎಂದೂ ಹೆದರಿದ್ದೆ. ಅವರು ತಲೆಯೆತ್ತಿ, ಕುಲುಮೆಯಲ್ಲಿ ಪಾಳಿ ಮುಗಿಸಿ ಹೊರಟ ಹೊಸ ಹುಡುಗರನ್ನು ಕೇಳುತ್ತಿದ್ದ ಅದೇ ಗಡುಸು ದನಿಯಲ್ಲಿ ಕೇಳಿದರು.

"ಹಗ್ಗ ಯಾರ ಕೈಗೆ ಕೊಟ್ಟು ಬಂದೆ?"

"ಯಾರಿಗೂ ಕೊಟ್ಟಿಲ್ಲಪ್ಪಾ" ಎಂದೆ. "ನನ್ನ ರಿಲೀವರ್ ಬರ್ಲಿಲ್ಲ."